ಮಗಳು, ಬೆಂಕಿ, ಇಂಟು ಗುರುತು

ಅವರ ಬಾಯಲ್ಲಿ ಉಳಿದಿದ್ದದ್ದು ಒಂದೇ ಮಾತು, ‘ಆಯ್ತ್’.

ಮಿದುಳಿನ ಎಡಭಾಗಕ್ಕೆ ರಕ್ತದ ಓಟ ನಿಂತಾಗ ಬಲಗೈ ಬಲಗಾಲಿನ ಜೊತೆ ಮಾತೂ ಹೋಗಿತ್ತು. ಹೀಗಾದವರಲ್ಲಿ ಕೆಲವರಿಗೆ ಒಂದು ತುಣುಕು ಮಾತ್ರ ಉಳಿಯುತ್ತದೆ. ಏನು ಹೇಳಲು ಹೊರಟರೂ ಅದೇ ಹೊರಗೆ ಬರುತ್ತದೆ. ಒಬ್ಬರಿಗೆ ಬೈಗುಳ ಉಳಿದದ್ದನ್ನು ಕಂಡಿದ್ದೇನೆ, ಇನ್ನೊಬ್ಬರಿಗೆ ದೇವರ ಹೆಸರು. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಡ್ಲಿ ವಡೆಯ ಹೋಟೆಲು ಇಟ್ಟುಕೊಂಡು ಆಯುಷ್ಯ ಕಳೆದ, ಉಡುಪಿ ಕಡೆಯ ಈ ಯಜಮಾನರಿಗೆ ಉಳಿದದ್ದು ಗಿರಾಕಿಗೆ ಹೇಳುವ ‘ಆಯ್ತ್’. ಇಷ್ಟು ಅಪಾಯದ ಮಾತು ಬೇರೆ ಇಲ್ಲ. ಮಗ ಬಂದು “ಹೋಟೆಲ್ ಬಿಟ್ಟುಬಿಡುವಾ?” ಎಂದರೂ ‘ಆಯ್ತ್’. ಮಗಳು ಬಂದು “ನಾನು ನಡೆಸ್ಲಾ?” ಎಂದರೂ ‘ಆಯ್ತ್’.

ನಾನು ವಾಕ್ ಚಿಕಿತ್ಸಕಿ. ಆಗ ಠಾಣೆಯ ಒಂದು ಪುನರ್ವಸತಿ ಕೇಂದ್ರದಲ್ಲಿದ್ದೆ. ನನಗೆ ಕನ್ನಡ, ತುಳು ಎರಡೂ ಬರುತ್ತವೆಂಬ ಕಾರಣಕ್ಕೆ ಈ ಮನೆ ನನ್ನ ಪಾಲಿಗೆ ಬಂತು. ವಾರದಲ್ಲಿ ಕೆಲವು ದಿನ ಲೋಕಲ್ ಹಿಡಿದು ಡೊಂಬಿವಲಿಗೆ ಹೋಗಿ, ಲಿಫ್ಟಿಲ್ಲದ ಕಟ್ಟಡದ ಮೂರನೇ ಮಾಳಿಗೆ ಹತ್ತಬೇಕು. ಸಾಮಾನ್ಯವಾಗಿ ನನ್ನ ಕೆಲಸ ಮಾತು ಮರಳಿಸುವುದು. ಇಲ್ಲಿ ಅದರ ಜೊತೆಗೆ ಇನ್ನೊಂದು ಇತ್ತು. ಹೋಟೆಲಿನ ಜಾಗದ ಮಾಲೀಕರು ದೀಪಾವಳಿಯೊಳಗೆ ಉತ್ತರ ಕೇಳಿದ್ದರು: ಕರಾರು ಮುಂದುವರಿಸುತ್ತೀರೋ, ಖಾಲಿ ಮಾಡುತ್ತೀರೋ? ಯಜಮಾನರ ಎಡಗೈ ಹೆಬ್ಬೆಟ್ಟು ಸಾಕು, ಆದರೆ ಅವರಿಗೆ ತಿಳುವಳಿಕೆ ಇದೆ ಎಂದು ಡಾಕ್ಟರು ಬರೆದುಕೊಡಬೇಕು ಎಂದಿದ್ದರು ವಕೀಲರು. ನರರೋಗ ತಜ್ಞರು ಆ ಕೆಲಸವನ್ನು ನನ್ನ ವರದಿಗೆ ಬಿಟ್ಟರು.

ಮಗ ಮೊದಲ ದಿನವೇ ನನ್ನನ್ನು ಮೆಟ್ಟಿಲವರೆಗೆ ಬಿಡಲು ಬಂದ. ನವಿ ಮುಂಬಯಿಯ ಸಾನಪಾಡಾದಲ್ಲಿ ಅವನ ಫ್ಲ್ಯಾಟು, ಪಕ್ಕದ ವಾಶಿಯಲ್ಲಿ ಆಫೀಸು.

“ಮೇಡಂ, ನನ್ನನ್ನ ವಿಲನ್ ಮಾಡ್ಬೇಡಿ. ಅಪ್ಪನ್ನ ಕುರ್ಚಿಯಲ್ಲಿ ಕೂರಿಸಿ ಮೂರು ಮಾಳಾ ಇಳಿಸುದು ನಾನು. ನಮ್ಮಲ್ಲಿ ಲಿಫ್ಟ್ ಉಂಟು, ಹಾಸ್ಪಿಟಲ್ ಪಾಸ್ ಉಂಟು. ಹೋಟೆಲ್ ಬಂದ್ ಆದ್ರೆ ತಾನೇ ಬರ್ತಾರೆ? ಅವ್ರಿಗೆ ಈಗ ಕುಛ್ ಸಮಝ್ ಮೇ ನಹೀ ಆತಾ, ಏನೂ ಗೊತ್ತಾಗುದಿಲ್ಲ. ಅದನ್ನೇ ಬರೆದುಕೊಡಿ.”

ಮಗಳು ಪಕ್ಕದ ಕಲ್ಯಾಣ್ ಊರಿಗೆ ಮದುವೆಯಾಗಿ ಹೋದವಳು. ಅಪ್ಪ ಬಿದ್ದ ಮೇಲೆ ಐರೋಲಿಯ ಆಫೀಸಿಗೆ ರಾಜೀನಾಮೆ ಕೊಟ್ಟು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದಳು. ಅವಳದು ಇನ್ನೊಂದೇ ವಾದ. “ಪಪ್ಪಂಗೆ ಎಲ್ಲ ಗೊತ್ತಾಗ್ತದೆ. ನೀವು ಅವರ ಮೆಸೇಜ್ ನೋಡಿ.”

ಮೆಸೇಜಿಗೆ ಬರುವ ಮೊದಲು ನಾನು ಮಾಡಬೇಕಾದ್ದನ್ನು ಮಾಡಿದೆ. “ಬಾಳೆಹಣ್ಣನ್ನು ಸಿಪ್ಪೆ ಸಮೇತ ತಿನ್ನುತ್ತಾರಾ?” ತಲೆ ಹೌದೆಂದು ಆಡಿತು, ಜೊತೆಗೆ ‘ಆಯ್ತ್’. “ನಿಮ್ಮ ಊರು ದಿಲ್ಲಿಯಾ?” ಅದಕ್ಕೂ ಹೌದು. ಹೌದು-ಅಲ್ಲ ಎನ್ನುವುದು ಇವರಲ್ಲಿ ನಂಬುವಂತಿರಲಿಲ್ಲ. ಆದರೆ ಬಾಯಿ, ತಲೆ ಬಿಟ್ಟು ಕೈಯಿಂದ ಉತ್ತರ ಕೇಳಿದಾಗ ಚಿತ್ರ ಬದಲಾಯಿತು. “ಲೋಟದ ಹಿಂದಿರುವ ಚಮಚ ತೋರಿಸಿ.” ಎಡಗೈ ಸೀದಾ ಹೋಯಿತು. “ಕನ್ನಡಕ ಮುಟ್ಟುವ ಮೊದಲು ಪೆನ್ನು ಮುಟ್ಟಿ.” ಸರಿಯಾಗಿ ಮುಟ್ಟಿದರು. ಒಳಗೆ ಹೋಗುವ ದಾರಿ ಬಹಳಮಟ್ಟಿಗೆ ತೆರೆದಿತ್ತು. ಹೊರಬರುವ ದಾರಿ ಮಾತ್ರ ಮುಚ್ಚಿತ್ತು.

ಅದಕ್ಕೆಂದು ನಮ್ಮ ಕೇಂದ್ರದಲ್ಲಿ ಚಿತ್ರಫಲಕ ಇದೆ. ನೀರು, ಊಟ, ಶೌಚ, ನೋವು ಎಂದು ಚೌಕಚೌಕವಾಗಿ ಚಿತ್ರಗಳು. ಊಟದ ಚಿತ್ರದಲ್ಲಿ ಬ್ರೆಡ್ಡು, ಮುಳ್ಳುಚಮಚ. ಯಜಮಾನರು ಅದನ್ನು ಒಮ್ಮೆ ನೋಡಿ, ಮಗುಚಿ ಹಾಕಿ, ಅದರ ಮೇಲೆ ತಮ್ಮ ಕಾಫಿ ಲೋಟ ಇಟ್ಟರು. ಮುಂದಿನ ವಾರವೂ ಹಾಗೇ. ಆಮೇಲೆ ನಾನದನ್ನು ತರಲಿಲ್ಲ.

ಅವರು ಮುಟ್ಟುತ್ತಿದ್ದದ್ದು ಫೋನನ್ನು. ಹಳೆಯ ಮಾದರಿಯ ದೊಡ್ಡ ಫೋನು. ಕಾಯಿಲೆಗೆ ಮೊದಲು ದಿನಾ ಬೆಳಿಗ್ಗೆ ವಾಟ್ಸಾಪಿನಲ್ಲಿ ಎಲ್ಲರಿಗೂ ಹೂವು ಕಳಿಸುತ್ತಿದ್ದವರು. ಈಗ ಅಕ್ಷರ ಒತ್ತಲಾಗುತ್ತಿರಲಿಲ್ಲ, ಇಮೋಜಿ ಒತ್ತುತ್ತಿದ್ದರು. ಕುಟುಂಬದ ಗುಂಪಿಗೆ ಎಡಗೈ ಹೆಬ್ಬೆರಳಿನಿಂದ ಪದೇಪದೇ ಕಳಿಸುತ್ತಿದ್ದದ್ದು ಈ ಸಾಲು: 👧🔥❌🏠. ಹುಡುಗಿ, ಬೆಂಕಿ, ಇಂಟು ಗುರುತು, ಮನೆ.

ಮಗಳು ಅನುಮಾನವೇ ಇಲ್ಲದೆ ಓದಿದಳು: “ಮಗಳು ಒಲೆ ನೋಡ್ಕೊಳ್ಳಲಿ. ಮನೆ ಬೇಡ, ಅಂದ್ರೆ ಸಾನಪಾಡಾ ಬೇಡ.”

ಮಗ ನಕ್ಕ. “ಅವ್ರು ಕೈಗೆ ಸಿಕ್ಕಿದ್ದು ಒತ್ತುತಾರೆ. ಮೊದಲನೇ ಸಾಲಲ್ಲಿ ಇರುದು ಅದೇ ನಾಲ್ಕು.”

ನಗುವ ಮಾತಾಗಿರಲಿಲ್ಲ ಅದು. ಕೀಬೋರ್ಡು ಇತ್ತೀಚೆಗೆ ಬಳಸಿದ ಚಿತ್ರಗಳನ್ನೇ ಮೊದಲು ತೋರಿಸುತ್ತದೆ. ಮಿದುಳಿಗೆ ಪೆಟ್ಟು ಬಿದ್ದವರು ಒಮ್ಮೆ ಮಾಡಿದ್ದನ್ನೇ ಬಿಡಲಾಗದೆ ಮತ್ತೆಮತ್ತೆ ಮಾಡುವುದೂ ಉಂಟು. ಅವೆರಡೂ ಸೇರಿದರೆ ಅರ್ಥವಿಲ್ಲದ ಸಾಲು ಎಷ್ಟು ಬಾರಿಯಾದರೂ ಬರಬಹುದು. ನಾನು ನನ್ನ ಹಳೆಯ ಫೋನೊಂದನ್ನು ಪೂರ್ತಿ ಅಳಿಸಿ ಕೊಟ್ಟೆ. ಅದರಲ್ಲಿ ‘ಇತ್ತೀಚಿನವು’ ಎಂಬ ಪುಟ ಬರಿದಾಗಿತ್ತು. ಅವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮುಖಗಳನ್ನು ದಾಟಿದರು, ಪ್ರಾಣಿಗಳನ್ನು ದಾಟಿದರು, ಬೆಂಕಿ ಸಿಕ್ಕಿತು. ಹುಡುಗಿಗಾಗಿ ಹಿಂದೆ ಬಂದರು. ಇಂಟು ಗುರುತು ಕೊನೆಯ ಕಡೆಯ ಪುಟಗಳಲ್ಲಿ ಎಲ್ಲೋ ಇತ್ತು. ಹಣೆಯಲ್ಲಿ ಬೆವರು ಬಂತು. ಬಿಡಲಿಲ್ಲ. ಅದೇ ನಾಲ್ಕು, ಅದೇ ಕ್ರಮದಲ್ಲಿ.

ಅಂದೇ ನನಗೆ ಖಾತ್ರಿಯಾಯಿತು, ಇದು ಕೈಗೆ ಸಿಕ್ಕಿದ್ದಲ್ಲ, ಮಾತು. ಏನು ಮಾತು ಎನ್ನುವುದು ಉಳಿದಿತ್ತು.

ಅಷ್ಟರಲ್ಲಿ ಒಂದು ಎಡವಟ್ಟಾಯಿತು. ಮಗ ಗುಂಪಿನಲ್ಲಿ ತನ್ನ ಮನೆಯ ಕೋಣೆಯೊಂದರ ಫೋಟೋ ಹಾಕಿ, “ಅಪ್ಪ, ಇದು ನಿಮ್ಮ ರೂಮ್” ಎಂದು ಬರೆದಿದ್ದ. ಹೊಸ ಪರದೆ, ಕಮೋಡಿನ ಪಕ್ಕ ಹಿಡಿಕೆ ಎಲ್ಲ ಮಾಡಿಸಿದ್ದ. ಅಪ್ಪ ಉತ್ತರ ಕೊಟ್ಟದ್ದು 🙄, ಕಣ್ಣುಗುಡ್ಡೆ ಮೇಲಕ್ಕೆ ತಿರುಗಿಸಿದ ಮುಖ. ಮಗ ಆ ವಾರ ಬರಲಿಲ್ಲ. ಫೋನಿನಲ್ಲಿ ನನಗೆ ಹೇಳಿದ: “ಇಷ್ಟು ಮಾಡಿದ್ರೂ ಹೀಗೆ ಮುಖ ತಿರುಗಿಸ್ತಾರೆ. ಇದು ಮಾತ್ರ ಚೆನ್ನಾಗಿ ಗೊತ್ತಾಗ್ತದೆ ಅವ್ರಿಗೆ!”

ನಾನು ಯಜಮಾನರ ಫೋನು ತೆಗೆದುಕೊಂಡು ಕೀಬೋರ್ಡು ತೆರೆದೆ. ಇಮೋಜಿ ಎಂದರೆ ನಿಜವಾಗಿ ಚಿತ್ರವಲ್ಲ, ಒಂದು ಸಂಖ್ಯೆ. ಆ ಸಂಖ್ಯೆಗೆ ಯಾವ ಚಿತ್ರ ಬರೆಯಬೇಕೆಂದು ಪ್ರತಿ ಕಂಪನಿ ತಾನೇ ನಿರ್ಧರಿಸುತ್ತದೆ. ಇವರ ಫೋನಿನ ಕೀಬೋರ್ಡಿನಲ್ಲಿ ಆ ಮುಖ ತುಟಿಯಂಚಿನಲ್ಲಿ ನಗುತ್ತ, ಸುಖವಾಗಿ ಮೇಲೆ ನೋಡುತ್ತಿತ್ತು. ವಾಟ್ಸಾಪಿನ ಮೂಲಕ ಮಗನನ್ನು ತಲುಪುವಾಗ ಅದು ‘ಸಾಕು ನಿಮ್ಮ ರಗಳೆ’ ಎನ್ನುವ ಮುಖವಾಗಿತ್ತು. ಮಗನನ್ನು ಕರೆಸಿ ಎರಡೂ ಫೋನು ಪಕ್ಕಪಕ್ಕ ಇಟ್ಟು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಅಪ್ಪನ ಕಾಲಿನ ಹತ್ತಿರ ನೆಲದ ಮೇಲೆ ಕೂತು, “ರೂಮ್ ಪಸಂದ್ ಆಯ್ತಾ?” ಎಂದು ಕೇಳಿದ. ಆ ದಿನದಿಂದ ‘ಏನೂ ಗೊತ್ತಾಗುವುದಿಲ್ಲ’ ಎಂಬ ಮಾತನ್ನು ಅವನು ಮತ್ತೆ ಆಡಲಿಲ್ಲ.

ಇನ್ನೊಂದು ಕೀಲಿ ಯಜಮಾನರ ಹೆಂಡತಿಯಿಂದ ಸಿಕ್ಕಿತು. ಕಣ್ಣೀರು ಬರುವಷ್ಟು ನಗುವ ಮುಖವನ್ನು 😂 ಯಜಮಾನರು ಆಗಾಗ ಬಳಸುತ್ತಿದ್ದರು. ಖುಷಿಯಲ್ಲಿದ್ದಾರೆ ಎಂದು ನಾನು ಬರೆದುಕೊಂಡಿದ್ದೆ. ಅಮ್ಮ ಬಗ್ಗಿ ನೋಡಿ, “ಅಯ್ಯೋ, ಅದು ನಗುದಲ್ಲ ಮಾರಾಯ್ತಿ” ಎಂದರು. “ನನ್ನ ಅಣ್ಣ ತೀರಿಹೋದಾಗ ಊರಿನ ಗ್ರೂಪಿಗೆ ಇದನ್ನೇ ಹಾಕಿ ಕೈಮುಗ್ದಿದ್ರು. ಎಂತ ಗಲಾಟೆ ಆಯ್ತು ಗೊತ್ತುಂಟಾ? ಅವ್ರಿಗೆ ಕಣ್ಣೀರು ಕಾಣ್ತದೆ, ಬಾಯಿ ಕಾಣುದಿಲ್ಲ.”

ಆ ಒಂದು ಮಾತಿಗೆ ನನ್ನ ಹಿಂದಿನ ಟಿಪ್ಪಣಿಯ ಅರ್ಧ ತಿದ್ದಬೇಕಾಯಿತು. ಇಮೋಜಿಗೆ ಲೋಕವೊಪ್ಪಿದ ಅರ್ಥ ಏನೆಂಬುದು ಇಲ್ಲಿ ಉಪಯೋಗವಿಲ್ಲ, ಈ ಮನುಷ್ಯ ಏನೆಂದು ಬಳಸುತ್ತಾನೆ ಎಂಬುದೇ ಬೇಕು. ಇಡ್ಲಿಗೆ ಇಮೋಜಿ ಇಲ್ಲ. ಅವರು ಬಿಳಿಯ ವೃತ್ತ ಹಾಕುತ್ತಿದ್ದರು. ವಡೆಗೆ ತೂತಿರುವ ಡೋನಟ್. ನೋಡಿದ ಕೂಡಲೇ ಯಾರಿಗಾದರೂ ಗೊತ್ತಾಗುವಂಥದ್ದು.

ಅದರಿಂದಲೇ ಪರೀಕ್ಷೆ ಕಟ್ಟಿದೆ. ನುಂಗುವುದರಲ್ಲಿ ತೊಂದರೆ ಇಲ್ಲವೆಂದು ಮೊದಲೇ ನೋಡಿಕೊಂಡಿದ್ದೆ. “ತಿಂಡಿಗೆ ಏನು ಬೇಕೋ ಹೋಟೆಲಿಗೆ ಕಳಿಸಿ” ಎಂದೆ. ಅವರು ಕಳಿಸಿದ್ದು ⚪❌🍩☕. ಇಡ್ಲಿ, ಇಂಟು, ವಡೆ, ಕಾಫಿ. ಹೋಟೆಲಿನಿಂದ ಮಗಳು ಇಡ್ಲಿ ಕಾಫಿ ತಂದಳು. ಅವಳು ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ‘ನೋ’ ಎನ್ನುವುದು ಅವಳಿಗೆ ವಸ್ತುವಿಗಿಂತ ಮೊದಲು ಬರುತ್ತದೆ. ನೋ ವಡಾ. ಯಜಮಾನರು ತಟ್ಟೆಯನ್ನು ಎಡಗೈಯಿಂದ ದೂಡಿ “ಆಯ್ತ್! ಆಯ್ತ್!” ಎಂದು ಗದರಿದರು. ಆ ಆಯ್ತಿನ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೇಡ ಎನ್ನುವುದು ಕನ್ನಡದಲ್ಲಿ ಎಲ್ಲಿ ಬರುತ್ತದೆ? ವಸ್ತುವಿನ ನಂತರ. ಇಡ್ಲಿ ಬೇಡ, ವಡೆ, ಕಾಫಿ.

ಒಂದು ಬಾರಿಯ ಉತ್ತರವನ್ನು ನಾನು ನಂಬುವುದಿಲ್ಲ. ಮಾತಿನ ಜೊತೆ ವ್ಯಾಕರಣವೂ ಒಡೆದುಹೋಗುವ ಕಾಯಿಲೆ ಇದು. ಹಾಗಾಗಿ ಬೇರೆಬೇರೆ ದಿನ, ಬೇರೆಬೇರೆ ವಸ್ತು ಇಟ್ಟು ಮಾಡಿದೆ. ಫ್ಯಾನು ಮತ್ತು ಕಿಟಕಿ, ಅಂಗಿ ಮತ್ತು ಶಾಲು, ಬಾಳೆಹಣ್ಣು ಮತ್ತು ಕಾಫಿ. ಎರಡು ಅರ್ಥಕ್ಕೂ ಬೇಕಾದದ್ದನ್ನು ಎದುರಿಗಿಟ್ಟು, ಯಾವುದನ್ನು ತೆಗೆದುಕೊಳ್ಳುತ್ತಾರೆ ಎಂದು ನೋಡಿದೆ. ಬೇಕೆಂದೇ ತಪ್ಪು ಕೊಟ್ಟು, ತಿರಸ್ಕರಿಸುತ್ತಾರೋ ಎಂದು ನೋಡಿದೆ. ಮಕ್ಕಳನ್ನು ಹೊರಗಿಟ್ಟೆ, ಏಕೆಂದರೆ ಅವರ ಮುಖ ನೋಡಿ ಉತ್ತರ ಕೊಡಬಾರದಿತ್ತು. ದಣಿದ ಒಂದು ಮಧ್ಯಾಹ್ನ ಬಿಟ್ಟರೆ ಕ್ರಮ ತಪ್ಪಲೇ ಇಲ್ಲ. ಇಂಟು ಗುರುತು ಯಾವಾಗಲೂ ಹಿಂದಿನದಕ್ಕೆ.

ಹಾಗಾದರೆ 👧🔥❌🏠 ಎಂದರೆ ‘ಮಗಳಿಗೆ ಒಲೆ ಬೇಡ. ಮನೆ.’

ಠಾಣೆಯ ಕಡೆಯ ಗಾಡಿ ಒಂದರ ಹಿಂದೊಂದು ಹೋಗುತ್ತಿದ್ದರೂ ಅಂದು ಪ್ಲ್ಯಾಟ್‌ಫಾರ್ಮಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಕೂತೆ. ಆ ಅರ್ಥ ನನಗೆ ಹಿತವಾಗಿರಲಿಲ್ಲ. ಕೆಲಸ ಬಿಟ್ಟು ಬಂದ ಮಗಳ ಬಗ್ಗೆ ನನಗೆ ಒಲವಿತ್ತು. ಆದರೆ ಅರ್ಥ ಅವರದು, ನನ್ನದಲ್ಲ.

ಕೇಂದ್ರದ ಮುಖ್ಯಸ್ಥೆ ಮರಾಠಿಯವರು, ಖಡಕ್ ಹೆಂಗಸು. ನನ್ನ ಕರಡು ವರದಿ ಓದಿ ಬದಿಗಿಟ್ಟರು. “ಬಘ್, ಇಮೋಜಿ ಮ್ಹಣಜೆ ಟೆಸ್ಟ್ ನಾಹೀ. ಅದು ಪರೀಕ್ಷೆ ಅಲ್ಲ. ಚಮಚ, ಪೆನ್ನಿನ ಅಂಕ ಬರಿ, ಸಹಿ ಹಾಕು, ಮುಗಿಸು. ಈ ಚಿತ್ರದ ಅರ್ಥ ಹೀಗೆ ಅಂತ ಬರೆದ್ರೆ ನಾಳೆ ಆ ವಕೀಲ ನಿನ್ನನ್ನ ಹಿಡೀತಾನೆ.”

ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ ಇತ್ತು. ಇದರ ಅರ್ಥ ಹೀಗೆ ಎಂದು ನಾನು ಬರೆದರೆ, ಮಗ ಮಗಳ ಜೊತೆ ಅರ್ಥ ಹೇಳುವ ಮೂರನೆಯವಳು ನಾನಾಗುತ್ತೇನೆ. ಚಮಚದ ಅಂಕ ಬರೆದರೆ ಅವರಿಗೆ ಚಮಚ ಗೊತ್ತು ಎಂದಷ್ಟೇ ಆಗುತ್ತದೆ. ಅಲ್ಲೇ ನಿರ್ಧಾರ ಮಾಡಿದೆ. “ಅರ್ಥ ನಾನು ಬರೆಯುವುದಿಲ್ಲ. ಅವರೇ ಮಕ್ಕಳ ಎದುರಿಗೆ ಹೇಳಲಿ. ನಡೆದದ್ದನ್ನು ಬರೆಯುತ್ತೇನೆ” ಎಂದೆ. ಮುಖ್ಯಸ್ಥೆ ಕನ್ನಡಕ ತೆಗೆದು ನೋಡಿದರು. “ಕರ್. ಪಣ್ ಜಪೂನ್,” ಎಂದರು. ಮಾಡು, ಆದರೆ ಜೋಪಾನ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರನ್ನೂ ಕೂರಿಸಿದೆ. ನಿಯಮ ಮೊದಲೇ ಹೇಳಿದೆ. ‘ಆಯ್ತ್’ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಬಾರದು. ಅವರು ಕಳಿಸಿದ್ದನ್ನು ನಾನು ಕನ್ನಡದಲ್ಲಿ ಓದುತ್ತೇನೆ. ಅವರು ಹೆಬ್ಬೆರಳು ಮೇಲೆ ಎತ್ತಿದರೆ ಮಾತ್ರ ಅದು ಅರ್ಥ. ಬೇಕೆಂದೇ ತಪ್ಪಾಗಿಯೂ ಓದುತ್ತೇನೆ, ಆಗ ಹೆಬ್ಬೆರಳು ಕೆಳಗೆ ಹೋಗಬೇಕು. ಮಕ್ಕಳು ತಮ್ಮ ಮಾತನ್ನು ಬಾಯಲ್ಲೂ ಹೇಳಬೇಕು, ಚಿತ್ರದಲ್ಲೂ ಕಳಿಸಬೇಕು. ಕಣ್ಣಿಗೂ ಕಿವಿಗೂ ಒಟ್ಟಿಗೆ ಸಿಕ್ಕಿದರೆ ಅವರಿಗೆ ಹಿಡಿಯುವುದು ಸುಲಭ.

“ಹೋಟೆಲ್ ವಿಷಯ ಹೇಳಿ,” ಎಂದೆ.

👧🔥❌.

“ಮಗಳಿಗೆ ಒಲೆ ಬೇಕು,” ಎಂದು ಓದಿದೆ. ಹೆಬ್ಬೆರಳು ಕೆಳಗೆ. “ಮಗಳಿಗೆ ಒಲೆ ಬೇಡ.” ಹೆಬ್ಬೆರಳು ಮೇಲೆ.

ಮಗಳು ಅಪ್ಪನ ಕಡೆ ತಿರುಗಿದಳು. “ಪಪ್ಪಾ, ನಾನು ನೌಕರಿ ಬಿಟ್ಟು ಬಂದದ್ದು ಯಾರಿಗೋಸ್ಕರ? ಯಾಕೆ ಬೇಡ?” ನಾನು ತಡೆಯಲಿಲ್ಲ. ಯಾಕೆ ಎನ್ನುವುದಕ್ಕೆ ‘ಆಯ್ತ್’ ಉತ್ತರವಾಗುವುದಿಲ್ಲ.

ಅವರು ಫೋನನ್ನು ಹತ್ತಿರ ಎಳೆದುಕೊಂಡರು. ಗಡಿಯಾರಗಳ ಸಾಲು ಹುಡುಕಲು ಸಮಯ ಹಿಡಿಯಿತು. ಸಿಕ್ಕಿದ ಮೇಲೂ ಮುಳ್ಳು ಸರಿಯಿದೆಯೇ ಎಂದು ಒಂದೊಂದನ್ನೇ ನೋಡಿ ಆರಿಸಿದರು. 🕓👩🔥😂.

ನಾಲ್ಕು ಗಂಟೆ, ಹೆಂಗಸು, ಬೆಂಕಿ. ಕೊನೆಯದು ಅವರ ಅಳು.

ನಾನು ಓದಲು ಬಾಯಿ ತೆರೆಯುವ ಮೊದಲೇ ಅಮ್ಮ ಅಡುಗೆಮನೆಯ ಬಾಗಿಲಿನಿಂದ ಈಚೆ ಬಂದಿದ್ದರು. ಮಗಳ ಭುಜದ ಮೇಲಿಂದ ಫೋನು ನೋಡಿದರು. ಹೋಟೆಲು ಶುರುವಾದ ಕಾಲದಲ್ಲಿ ಬೆಳಗಿನ ಜಾವ ರುಬ್ಬುವುದು, ಒಲೆ ಹಚ್ಚುವುದು ಅವರದೇ ಕೆಲಸವಾಗಿತ್ತಂತೆ. ಊರಿನಿಂದ ಆಗತಾನೆ ಬಂದ ಹುಡುಗಿ, ಭಾಷೆ ಬಾರದು.

“ನಾನು ಕೂಗ್ತಿದ್ದದ್ದು ನಿಮ್ಗೆ ಗೊತ್ತಿತ್ತಾ?” ಎಂದು ಕೇಳಿದರು. ಅವರ ಕಡೆ ಅಳುವುದಕ್ಕೆ ಕೂಗುವುದು ಎನ್ನುತ್ತಾರೆ. “ಹೊಗೆ ಅಂತ ಹೇಳ್ತಿದ್ದೆ ನಾನು. ನೀವು ನಂಬಿದ್ರಿ ಅಂತ ಎಣಿಸಿದ್ದೆ.”

ಯಜಮಾನರು ಹೆಂಡತಿಯನ್ನು ನೋಡಿ ಹೆಬ್ಬೆರಳು ಕೆಳಗೆ ಮಾಡಿದರು. ನಂಬಿರಲಿಲ್ಲ.

ಮಗ ಎದ್ದು ಕಿಟಕಿಯ ಹತ್ತಿರ ಹೋದ. ಮಗಳು ಮೂಗು ಒರೆಸಿಕೊಂಡು ತನ್ನ ಫೋನು ತೆಗೆದಳು. ಅವಳ ಮೇಲೆ ನನಗೆ ಗೌರವ ಹುಟ್ಟಿದ್ದು ಆಗ. ಅಳುತ್ತ ಕೂರಲಿಲ್ಲ, ವಾದಕ್ಕೆ ಇಳಿದಳು.

“ನಾನು ನಾಲ್ಕಕ್ಕೆ ಏಳುದಿಲ್ಲ. ಹತ್ತು ಗಂಟೆಗೆ ತೆಗೀತೇನೆ.” ಕಳಿಸಿದಳು: 🕓❌🕙👧🔥. ಇಂಟು ಗುರುತನ್ನು ಅವರ ಹಾಗೆಯೇ ಬೇಡವಾದದ್ದರ ನಂತರ ಹಾಕಿದ್ದಳು.

ಅವರ ಹುಬ್ಬು ಗಂಟಾಯಿತು. 🚆👥👥.

“ಗಾಡಿಗೆ ಹೋಗುವವರು,” ಎಂದು ಮಗ ಕಿಟಕಿಯಿಂದಲೇ ಓದಿದ. “ಬೆಳಿಗ್ಗೆ ಲೋಕಲ್ ಹಿಡಿಯುವ ಪಬ್ಲಿಕ್. ಹತ್ತಕ್ಕೆ ತೆಗೆದ್ರೆ ಅವ್ರೆಲ್ಲ ಎಲ್ಲಿ ತಿಂತಾರೆ, ಅಂತ.” ಹೆಬ್ಬೆರಳು ಮೇಲೆ ಹೋಯಿತು.

“ಬರೋಬರ್,” ಎಂದಳು ಮಗಳು. “ಬೆಳಿಗ್ಗೆಗೆ ಇಬ್ಬರು ಭಟ್ಟರನ್ನ ಇಡುವ. ಅವ್ರು ಕೀಲಿ ತೆಗೀಲಿ. ನಾನು ಆಮೇಲೆ ಬರ್ತೇನೆ.” ಚಿತ್ರದಲ್ಲಿ ಕಳಿಸಿದ್ದು ಇಬ್ಬರು ಬಾಣಸಿಗರು, ಬೀಗದ ಕೈ.

ಅವರು ಫೋನು ಕೆಳಗಿಟ್ಟು ಯೋಚಿಸಿದರು. ನನ್ನ ವೃತ್ತಿಯಲ್ಲಿ ಸುಮ್ಮನಿರುವುದು ಕಲಿಯಲು ಅತಿ ಕಷ್ಟದ ಕೌಶಲ. ಕೊನೆಗೆ ಬಂತು: 👧🔥. ಇಂಟು ಇಲ್ಲ. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸಾಲು: 👩🔥❌.

“ಮಗಳು ನಡೆಸಲಿ. ಅಮ್ಮ ಒಲೆಗೆ ಹೋಗುವುದು ಬೇಡ,” ಎಂದು ಓದಿದೆ. ಎರಡಕ್ಕೂ ಹೆಬ್ಬೆರಳು ಮೇಲೆ.

“ನಂಗೆ ಬೇಡ ಅಂತ ಹೇಳ್ಲಿಕ್ಕೆ ನೀವ್ಯಾರು?” ಎಂದರು ಅಮ್ಮ. “ಇಷ್ಟು ಹೊತ್ತು ಯಾರಾದ್ರೂ ನನ್ನತ್ರ ಕೇಳಿದ್ರಾ? ಚಟ್ನಿ ನೋಡ್ಲಿಕ್ಕೆ ನಾನು ಹೋಗುದೇ. ಬಿಸಿಲೇರಿದ ಮೇಲೆ ಹೋಗ್ತೇನೆ, ಅಷ್ಟೇ.”

ಮಗ ಜೋರಾಗಿ ನಕ್ಕ, ಮಗಳೂ ನಕ್ಕಳು. ಯಜಮಾನರು ಹೆಂಡತಿಯ ಕಡೆ ಎಡಗೈ ಎತ್ತಿದರು, ಸೋತೆ ಎನ್ನುವ ಹಾಗೆ. ಕೊನೆಗೆ ತಮಗಾಗಿ ಒಂದೇ ಒಂದು ಚಿತ್ರ ಹಾಕಿ ಮಗನ ಕಡೆ ಫೋನು ತಿರುಗಿಸಿದರು: ಮನೆ. ಮಗ, “ಹಾಂ ಅಪ್ಪ, ರೂಮ್ ರೆಡಿ ಉಂಟು” ಎಂದ.

ವರದಿಯಲ್ಲಿ ನಾನು ಯಾವ ಚಿತ್ರಕ್ಕೂ ಅರ್ಥ ಬರೆಯಲಿಲ್ಲ. ಕೇಳಿದ್ದು, ಅವರು ಉತ್ತರಿಸಿದ್ದು, ತಪ್ಪು ಓದಿದಾಗ ತಿದ್ದಿದ್ದು, ಎದುರುವಾದ ಕೇಳಿ ಮನಸ್ಸು ಬದಲಿಸಿದ್ದು, ಇವಿಷ್ಟನ್ನು ಕ್ರಮವಾಗಿ ಬರೆದೆ. ಒಪ್ಪಿಗೆಯನ್ನು ತಲೆಯಾಡಿಸಿಯೂ ಕೊಡಬಹುದು. ನಿರಾಕರಿಸಿ, ಕಾರಣ ಕೊಟ್ಟು, ಚೌಕಾಸಿ ಮಾಡಿ ಒಪ್ಪುವುದಕ್ಕೆ ತಿಳುವಳಿಕೆ ಬೇಕು ಎಂದು ಕೊನೆಯ ಸಾಲು. ಮುಖ್ಯಸ್ಥೆ ಓದಿ ಒಂದು ಅಲ್ಪವಿರಾಮ ಮಾತ್ರ ತಿದ್ದಿ ಸಹಿ ಹಾಕಿದರು. ತಜ್ಞರು ಮನೆಗೆ ಬಂದು ತಾವೇ ಒಮ್ಮೆ ನೋಡಿ, ಪತ್ರ ಕೊಟ್ಟರು. ಕರಾರು ಮಗಳ ಹೆಸರಿಗೆ, ಸದ್ಯಕ್ಕೆ ಕಡಿಮೆ ಅವಧಿಗೆ, ಮುಂದುವರಿಯಿತು. ಮಗನಿಗೆ ಅದು ಪೂರ್ತಿ ಒಪ್ಪಿಗೆಯಾಗಿರಲಿಲ್ಲ, “ದೇಖತೇ ಹೈ, ನೋಡುವಾ” ಎಂದಷ್ಟೇ ಅಂದ. ಆದರೆ ದೀಪಾವಳಿಗೆ ಅಪ್ಪನನ್ನು ಕೊನೆಯ ಬಾರಿ ಮೂರು ಮಾಳಿಗೆ ಇಳಿಸಿ ಸಾನಪಾಡಾಕ್ಕೆ ಕರೆದುಕೊಂಡು ಹೋದ.

ಆಮೇಲೆ ನಾನು ಭೇಟಿಗೆ ಹೋಗುತ್ತಿದ್ದದ್ದು ಸಾನಪಾಡಾಕ್ಕೆ. ಮಾತಿನ ವ್ಯಾಯಾಮ ಮುಂದುವರಿದಿತ್ತು. ಕೆಲವು ಶಬ್ದ ಬರತೊಡಗಿದ್ದವು, ಬಹಳವಲ್ಲ. ಒಂದು ಬೆಳಿಗ್ಗೆ ನಾನು ಠಾಣೆಯಲ್ಲಿ ವಾಶಿ ಕಡೆಯ ಗಾಡಿಗೆ ಕಾಯುತ್ತಿದ್ದಾಗ ಫೋನು ಮಿಡಿಯಿತು. ಯಜಮಾನರದು. ಅಲ್ಲಿಯವರೆಗೆ ಅವರು ನನಗೆ ಕಳಿಸಿದ್ದೆಲ್ಲ ಉತ್ತರಗಳೇ. ಯಾಕೆಂದರೆ ಕಾಯಿಲೆ ಬಿದ್ದಂದಿನಿಂದ ನಾವೆಲ್ಲ ಅವರನ್ನು ಕೇಳುತ್ತಲೇ ಇದ್ದೆವು: ಇದು ಬೇಕಾ, ಅದು ಬೇಡವಾ, ಇದೇನು, ಅದೇನು. ಮಾತು ಕಳೆದುಕೊಂಡವರು ಎಲ್ಲಕ್ಕಿಂತ ತಡವಾಗಿ ಮರಳಿ ಪಡೆಯುವುದು ಪ್ರಶ್ನೆ ಕೇಳುವುದನ್ನು. ಕೆಲವರು ಪಡೆಯುವುದೇ ಇಲ್ಲ.

ತೆರೆದು ನೋಡಿದೆ. ಕುತ್ತಿಗೆಗೆ ಸ್ಟೆತಸ್ಕೋಪು ಹಾಕಿದ ಹೆಂಗಸು, ಅವಳ ಪಕ್ಕದಲ್ಲಿ ಒಂದು ಲೋಟ ಬಿಸಿ ಕಾಫಿ, ಅದರ ಪಕ್ಕದಲ್ಲಿ ಕೆಂಪು ಪ್ರಶ್ನೆ ಚಿಹ್ನೆ. ನಿಮ್ಮ ಕಾಫಿ ಆಯ್ತಾ?

ಗಾಡಿ ಬಂತು. ಹತ್ತಿ, ಬಾಗಿಲ ಪಕ್ಕದ ಸರಳು ಹಿಡಿದುಕೊಂಡು ಉತ್ತರ ಒತ್ತಿದೆ: ಕಾಫಿ, ಇಂಟು ಗುರುತು. ಇನ್ನೂ ಕುಡಿದಿಲ್ಲ.